ಕದ್ದ ಕುಡಿ

ನೀಲಿ ಎನಾಮಲ್ ಪಾತ್ರೆಯ ಮಣ್ಣಿಗೆ ಜಿಪಾರ್ ಹೆಬ್ಬೆರಳು ಒತ್ತಿದಳು. ನೀರು ಜಿನುಗಿತು. ನಿನ್ನೆಯೂ ಹೀಗೇ ಒತ್ತಿದ್ದಳು, ಹೀಗೇ ಜಿನುಗಿತ್ತು, ಆದರೂ ಮಲಗುವ ಮುಂಚೆ ಇನ್ನೊಂದು ಲೋಟ ಹೊಯ್ದಿದ್ದಳು. ಜೆರೇನಿಯಂನ ಬುಡದಲ್ಲಿ ಕಾಣಿಸಿಕೊಂಡಿದ್ದ ಕಪ್ಪು ಈಗ ಮೊದಲ ಕವಲು ದಾಟಿ ಮೇಲೇರಿತ್ತು. ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಮುಟ್ಟಿದರೆ ಕೈಗೇ ಬರುತ್ತಿದ್ದವು. ಕಿಟಕಿಯ ಸಂದಿಗಳಿಗೆ ಹತ್ತಿ ತುರುಕಿ, ಮೇಲೆ ಕಾಗದದ ಪಟ್ಟಿಯನ್ನು ಸಾಬೂನಿನಿಂದ ಅಂಟಿಸಿದ್ದರೂ ಬಾಲಿಕ್ಚಿ ಊರಿನ ಗಾಳಿ ಒಳಗೆ ಬೆರಳಾಡಿಸುತ್ತಲೇ ಇತ್ತು. ಗಿಡ ಸತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಾಗಿ ಕೆಲವು ದಿನಗಳೇ ಆಗಿದ್ದವು. ಆದರೆ ಗೊತ್ತಿರುವುದು ಬೇರೆ, ಮಧ್ಯಾಹ್ನ ಬಾತ್ಮಾ ಎಜೆ ಬಂದು ಇದೇ ಕಿಟಕಿಯ ಮುಂದೆ ನಿಲ್ಲುವುದು ಬೇರೆ.

ಬಾತ್ಮಾ ತುರ್ಸುನೈಯ ಅಕ್ಕ; ಎಜೆ ಎಂದರೂ ಅಕ್ಕ ಎಂದೇ. ತುರ್ಸುನೈ ಎಂದರೆ ಜಿಪಾರಳ ಗಂಡ ಎಸೆನ್‌ನ ಮೊದಲ ಹೆಂಡತಿ, ತೀರಿಹೋದವಳು. ಬಾತ್ಮಾರ ನಂತರ ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದ ಮನೆಯಲ್ಲಿ ಇದಾದರೂ ಇರಲಿ ಎಂದು ಅವಳಿಗೆ ‘ಇರಲಿ’ ಎಂಬ ಅರ್ಥದ ಆ ಹೆಸರಿಟ್ಟಿದ್ದರಂತೆ. ಇರಲಿಲ್ಲ. ಅಥವಾ ಇದ್ದಾಳೆ ಎಂದು ಜಿಪಾರಳಿಗೆ ಎಷ್ಟೋ ಸಲ ಅನ್ನಿಸಿದೆ. ಈ ಮನೆಯಲ್ಲಿ ಅವಳ ಚಮಚಗಳಿವೆ, ಅವಳು ಹೊಲಿದ ಪರದೆಗಳಿವೆ, ಅವಳು ಮಲಗಿರುತ್ತಿದ್ದ ಸೋಫಾ ಇದೆ, ಅದರ ಹಿಂದಿನ ಗೋಡೆಗೆ ಜಿಂಕೆಗಳಿರುವ ಕೆಂಪು ಜಮಖಾನೆ ಇದೆ. ಕಿಟಕಿಯ ಕಟ್ಟೆಯ ಮೇಲೆ ಅವಳ ಗಿಡಗಳಿವೆ. ಲೋಳೆಸರ, ಕತ್ತಿಯ ಹಾಗೆ ನಿಂತಿರುವ ಅತ್ತೆನಾಲಿಗೆ, ಈ ಜೆರೇನಿಯಂ. ಎಲ್ಲವೂ ಸಾಯದ ಜಾತಿ. ಮದುವೆಯಾಗಿ ಬಂದ ದಿನ ಎಸೆನ್ ಅವನ್ನು ತೋರಿಸಿ, "ಇವಕ್ಕೇನೂ ತಲೆ ಕೆಡಿಸ್ಕೋಬೇಡ, ತಾವೇ ಬದುಕ್ಕೋತವೆ" ಎಂದಿದ್ದ. ಆ ಮಾತೇ ಅವಳನ್ನು ಹೆದರಿಸಿತ್ತು. ಸಾಯದ ಗಿಡ ತನ್ನ ಕೈಯಲ್ಲಿ ಸತ್ತರೆ ಜನ ಏನನ್ನುತ್ತಾರೆ?

"ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ?" ಎಂದು ಕೇಳಿದ್ದ ಎಸೆನ್ ಬೆಳಿಗ್ಗೆ, ಮಿನಿಬಸ್ಸಿನ ಕೀಲಿ ಹುಡುಕುತ್ತ. "ಬಾತ್ಮಾ ಎಜೆ ಏನು ನಿನ್ನ ತಿಂದುಬಿಡ್ತಾರಾ? ಶುಕ್ರವಾರ ಅಲ್ವಾ, ಹೆಂಗೂ ಎಣ್ಣೆ ಕಾಯಿಸ್ತೀಯ. ಬೌರ್ಸೊಕ್ ಕರಿ, ಟೀ ಕೊಡು. ಅವರು ನಿನ್ನ ಕೈಯಿಂದ ಒಂದು ಪಿಯಾಲ ಟೀ ಕುಡಿದುಬಿಟ್ರೆ ನೀನು ಅವರ ಮನೆ ಹುಡುಗಿ ಆದಂಗೆ. ಆಮೇಲೆ ಯಾರೂ ಏನೂ ಅನ್ನಂಗಿಲ್ಲ."

"ನೀವೂ ಇರಿ."

"ನಾನಿದ್ರೆ ಅವರು ಬಾಯಿ ಬಿಡಲ್ಲ. ನಿನ್ನ ನೋಡೋಕೇನೂ ಬರ್ತಿಲ್ಲ ಬಿಡು, ಆ ಗಿಡ ನೋಡೋಕೆ. ಅವರಮ್ಮನ ಕಾಲದ್ದು ಅದು. ಕೋಚ್ಕೋರಲ್ಲಿ ಅವರ ಮನೇದು ಹೋದ ಚಳಿಗಾಲ ಹಿಮ ಹೊಡೆದು ಸತ್ತೋಯ್ತಂತೆ. ಈಗ ಇರೋದು ನಮ್ಮನೇದೊಂದೇ." ಕೀಲಿ ಅವನ ಜೇಬಿನಲ್ಲೇ ಇತ್ತು. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ತಿರುಗಿ ನೋಡದೆಯೇ ಕೇಳಿದ: "ಚೆನ್ನಾಗಿದೆ ತಾನೇ ಅದು?"

"ಚೆನ್ನಾಗಿದೆ" ಎಂದಳು ಜಿಪಾರ್.

ಅವನು ಕಿಟಕಿಯ ಕಡೆ ನೋಡುವುದೇ ಇಲ್ಲ. ಅದು ಅವನ ದುಃಖವೋ ಸೋಮಾರಿತನವೋ ಅವಳಿಗೆ ಇಂದಿಗೂ ತಿಳಿದಿಲ್ಲ. ತುರ್ಸುನೈ ಈ ಗಿಡಕ್ಕೆ ನೀರು ಹಾಕಿದ್ದನ್ನೇ ತಾನು ಕಂಡಿಲ್ಲ ಎಂದು ಒಮ್ಮೆ ಹೇಳಿದ್ದ. ಕುಡಿದು ಉಳಿದ ಟೀಯನ್ನು ನೆನಪಾದಾಗ ಚೆಲ್ಲುತ್ತಿದ್ದಳಂತೆ, ಅಷ್ಟೇ. ಜಿಪಾರ್ ಮಾತ್ರ ದಿನವೂ ಹೊಯ್ದಳು. ತಳದಲ್ಲಿ ತೂತಿಲ್ಲದ ಪಾತ್ರೆಗೆ, ಬೆಳಿಗ್ಗೆ ಒಮ್ಮೆ, ಕೆಲಸದಿಂದ ಬಂದು ಒಮ್ಮೆ, ಎಲೆ ಬಾಡಿತು ಅನ್ನಿಸಿದರೆ ಮತ್ತೊಮ್ಮೆ. ಕೆಳಗಿನ ಮನೆಯ ಜಿನೈದಾ ಮುದುಕಿ ಉಪ್ಪು ಕೇಳಲು ಬಂದವಳು ನೋಡಿ ನಕ್ಕಿದ್ದಳು. "ನೀನು ಇದನ್ನ ಸಾಕ್ತಿಲ್ಲ ಕಣೆ, ಇದಕ್ಕೆ ಹೆದರ್ತಿದ್ದೀಯ. ಈ ಗಿಡಾನ ಮರೀಬೇಕು. ನೀನು ಮರೆತ್ರೆ ಅದು ಬದುಕುತ್ತೆ." ಮರೆಯುವುದು ಹೇಗೆ ಎಂದು ಮುದುಕಿ ಹೇಳಿಕೊಡಲಿಲ್ಲ. ಉಪ್ಪು ತೆಗೆದುಕೊಂಡು ಹೋದಳು.

ಅಡುಗೆಮನೆಗೆ ಬಂದು ಬೌರ್ಸೊಕ್‌ಗೆ ಹಿಟ್ಟು ನಾದತೊಡಗಿದಳು. ಅಡುಗೆಮನೆಯ ಕಿಟಕಿಯಲ್ಲಿ, ಪರದೆಯ ಮರೆಗೆ, ಇನ್ನೊಂದು ಜೆರೇನಿಯಂ ಇತ್ತು. ಮೊಸರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಎಲೆ ದಟ್ಟವಾಗಿ, ಎರಡು ಗೊಂಚಲು ಹೂ ಬಿಟ್ಟುಕೊಂಡು ನಿಂತಿತ್ತು. ಬಿಳಿ ಹೂ, ಗಂಟಲಲ್ಲಿ ಮಾತ್ರ ಕೆಂಪು. ಅದಕ್ಕೆ ಅವಳು ನೀರು ಹಾಕಿ ಎಷ್ಟು ದಿನವಾಯಿತೋ. ಅದರ ಕಡೆ ನೋಡುವುದೂ ಬೇಡ ಎಂದೇ ಪರದೆಯ ಹಿಂದೆ ಇಟ್ಟಿದ್ದಳು. ಮದುವೆಯಾಗಿ ಬರುವಾಗ ಒಂದು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ, ಮಡಿಲಲ್ಲಿ ಈ ಡಬ್ಬಿ. "ಬಜಾರಿಂದು" ಎಂದಿದ್ದಳು ಎಸೆನ್ ಕೇಳುವ ಮೊದಲೇ. ಅವನು ಕೇಳುವವನೇ ಅಲ್ಲ.

ಬಜಾರಿನದಲ್ಲ. ಮದುವೆಗೂ ಎಷ್ಟೋ ಮುಂಚೆ ಒಂದು ದಿನ ಅವಳ ಹೊಲಿಗೆ ಕಾರ್ಖಾನೆಯ ಹೆಂಗಸರೆಲ್ಲ ಸೇರಿ ಕಿತ್ತಳೆ ಹಣ್ಣು, ಒಂದು ಕೋಳಿ ಕೊಟ್ಟು, ಕಾಯಿಲೆ ಬಿದ್ದು ಕೆಲಸ ಬಿಟ್ಟಿದ್ದ ತುರ್ಸುನೈಯನ್ನು ಹೋಗಿ ನೋಡಿಕೊಂಡು ಬಾ ಎಂದು ಅವಳನ್ನು ಕಳಿಸಿದ್ದರು. ಗಂಡ ಮಕ್ಕಳಿಲ್ಲದವಳು, ಹೊತ್ತಿಗೆ ಮನೆ ಸೇರಬೇಕಾದ ತಾಪತ್ರಯವಿಲ್ಲದವಳು. ಕೂತೇ ಉಳಿದ ಹುಡುಗಿ ಎಂದು ಅವರು ಬೆನ್ನ ಹಿಂದೆ ಅನ್ನುವುದು ಅವಳಿಗೆ ಕೇಳಿಸುತ್ತಿತ್ತು, ಯಂತ್ರಗಳ ಗದ್ದಲದಲ್ಲೂ. ತುರ್ಸುನೈ ಇದೇ ಸೋಫಾದ ಮೇಲಿದ್ದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಕಣ್ಣುಗಳು ಮಾತ್ರ ದೊಡ್ಡವಾಗಿದ್ದವು. ಟೀ ನೀನೇ ಮಾಡ್ಕೊ ಎಂದಳು. ಮಾಡಿಕೊಂಡು ಬಂದು ಕುಳಿತಾಗ ಕಿಟಕಿಯ ಗಿಡ ಕಂಡಿತು. ಅಂಥ ಹೂವನ್ನು ಜಿಪಾರ್ ಎಲ್ಲೂ ನೋಡಿರಲಿಲ್ಲ. ತನ್ನ ಬಾಡಿಗೆ ಕೋಣೆಯಲ್ಲಿ ಬಲ್ಬು ಬಿಟ್ಟರೆ ನೋಡಲು ಏನೂ ಇರಲಿಲ್ಲ. ಬೇಕು ಅನ್ನಿಸಿತು. ಅಷ್ಟು ಜೋರಾಗಿ ಏನಾದರೂ ಬೇಕು ಅನ್ನಿಸಿ ಎಷ್ಟೋ ಕಾಲವಾಗಿತ್ತು. ಆದರೆ ಗಿಡದ ಕುಡಿಯನ್ನು ಕೇಳಿ ಪಡೆಯುವುದುಂಟೇ? ಕೊಟ್ಟದ್ದು ಬೇರು ಬಿಡುವುದಿಲ್ಲ, ರಹ್ಮತ್ ಎಂದು ಧನ್ಯವಾದ ಹೇಳಿದರಂತೂ ಮನೆ ಮುಟ್ಟುವ ಮೊದಲೇ ಬಾಡುತ್ತದೆ. ಕದಿಯಬೇಕು. ಎಲ್ಲರೂ ಕದಿಯುತ್ತಾರೆ, ಅಂಚೆಕಚೇರಿಯಿಂದ, ದವಾಖಾನೆಯ ಕಿಟಕಿಯಿಂದ, ನೆಂಟರ ಮನೆಯಿಂದ. ಆದರೆ ಕಾಯಿಲೆಯವರ ಮನೆಯಿಂದ ಯಾರೂ ಕದಿಯುವುದಿಲ್ಲ. ಕುಡಿಯ ಜೊತೆ ಆ ಮನೆಯ ಬರ್ಕತ್ತೂ ಹೊರಟುಬಿಡುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಜಿಪಾರ್ ಎದ್ದಳು, ಕುಳಿತಳು, ಮತ್ತೆ ಎದ್ದಳು. "ನಂಗೆ ನಿದ್ದೆ ಬರ್ತಿದೆ" ಎಂದಳು ತುರ್ಸುನೈ, "ಹೋಗುವಾಗ ಬಾಗಿಲು ಎಳ್ಕೊ." ಗೋಡೆಯ ಕಡೆ ಹೊರಳಿದಳು. ಬೆನ್ನಿನ ಮೂಳೆಗಳು ಅಂಗಿಯ ಕೆಳಗೆ ಗುಂಡಿಗಳ ಸಾಲಿನಂತೆ ಕಂಡವು. ಜಿಪಾರ್ ಕಿಟಕಿಯ ಹತ್ತಿರ ಹೋಗಿ ಒಂದು ಕುಡಿ ಹಿಡಿದು ಮುರಿದಳು. ಪಟ್ ಎಂದಿತು. ಅಷ್ಟು ದೊಡ್ಡ ಸದ್ದು ಬರುತ್ತದೆಂದು ಅವಳು ಎಣಿಸಿರಲಿಲ್ಲ. ಸೋಫಾದ ಮೇಲಿನ ಬೆನ್ನು ಅಲುಗಲಿಲ್ಲ.

ಮಿನಿಬಸ್ಸಿನಲ್ಲಿ ಕೂತಾಗ ಕುಡಿ ಸುತ್ತಿದ ಕರವಸ್ತ್ರದಿಂದ ಜೆರೇನಿಯಂನ ಘಾಟು ಎದ್ದು ಎಲ್ಲರ ಮೂಗಿಗೂ ಬಡಿಯಿತು. ಪಕ್ಕದವಳು ತಿರುಗಿ ನೋಡಿದಳು. ಸಾಬೂನು ಹಾಕಿ ತೊಳೆದರೂ ಬೆರಳಿನಿಂದ ಅದು ಹೋಗಲಿಲ್ಲ. ಯಂತ್ರದ ಸೂಜಿಗೆ ದಾರ ಪೋಣಿಸಲು ಬೆರಳು ಬಾಯಿಗೆ ತಂದಾಗೆಲ್ಲ ಬರುತ್ತಿತ್ತು. ಕುಡಿ ಬೇರು ಬಿಟ್ಟ ವಾರವೇ ತುರ್ಸುನೈ ತೀರಿಹೋದಳು. ವರ್ಷದ ಊಟ ಮುಗಿದ ಮೇಲೆ, ಕಾರ್ಖಾನೆಯಲ್ಲಿ ಉಳಿದಿದ್ದ ಹೆಂಡತಿಯ ಕತ್ತರಿ, ಟೇಪು ಒಯ್ಯಲು ಬಂದ ಎಸೆನ್ ಇವಳ ಯಂತ್ರದ ಮುಂದೆ ಸುಮ್ಮನೆ ನಿಂತಿದ್ದ. ಆಮೇಲೆ ಮತ್ತೆ ಬಂದ. ಮದುವೆಯ ಸುದ್ದಿ ಹರಡಿದಾಗ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದ್ದಳು: "ರೋಗಿ ನೋಡ್ಕೊಂಡು ಬಾ ಅಂತ ಕಳಿಸಿದ್ರೆ ಮನೆ ನೋಡ್ಕೊಂಡು ಬಂದ್ಲಲ್ಲಪ್ಪ." ಎಲ್ಲರೂ ನಕ್ಕರು. ಜಿಪಾರಳೂ ನಕ್ಕಳು. ನಗದೆ ಇನ್ನೇನು ಮಾಡುವುದು. ಕುಡಿಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಎಣ್ಣೆ ಕಾಯಿತು. ಮೊದಲ ತುಂಡುಗಳನ್ನು ಬಿಟ್ಟಾಗ ಅವು ಉಬ್ಬಿ ಹೊರಳಿದವು, ಕರಿದ ವಾಸನೆ ಮನೆ ತುಂಬಿತು. ಸತ್ತವರು ತಿನ್ನುವುದು ಈ ವಾಸನೆಯನ್ನೇ. ಶುಕ್ರವಾರ ಎಣ್ಣೆಯ ವಾಸನೆ ಎಬ್ಬಿಸಬೇಕು, ಅವರು ಹುಡುಕಿಕೊಂಡು ಬರುತ್ತಾರೆ, ಬಾಗಿಲಲ್ಲಿ ನಿಂತು ಹೊಟ್ಟೆ ತುಂಬಿಸಿಕೊಂಡು ಹೋಗುತ್ತಾರೆ. ತೀರಿಹೋದ ತನ್ನ ತಾಯಿ ತಂದೆಗಾಗಿ ಎಬ್ಬಿಸಿದಾಗ ಜಿಪಾರಳಿಗೆ ಭಯವಾಗಿರಲಿಲ್ಲ. ಈ ಮನೆಯಲ್ಲಿ ಆಗುತ್ತದೆ. ವಾರವಾರವೂ ತಾನೇ ಕೈಯಾರೆ ತುರ್ಸುನೈಯನ್ನು ಮನೆಗೆ ಕರೆಯುತ್ತಿದ್ದೇನೆ, ಬಾ, ನೋಡು ಎನ್ನುತ್ತಿದ್ದೇನೆ ಎಂದು ತೋರುತ್ತದೆ. ಬಾಣಲೆಯ ಮುಂದೆ ನಿಂತಾಗ ಅವಳು ಹಿಂದಕ್ಕೆ ನೋಡುವುದಿಲ್ಲ. ಇವತ್ತು ಬರುವವಳು ಒಬ್ಬಳಲ್ಲ, ಅಕ್ಕ ತಂಗಿ ಇಬ್ಬರು ಎಂಬ ಯೋಚನೆ ಬಂತು.

ಒಲೆ ಆರಿಸಿದಳು. ಮಾಡಬೇಕಾದ್ದು ಆ ಕ್ಷಣ ಗೊತ್ತಾಯಿತೋ, ಮೊದಲೇ ಗೊತ್ತಿತ್ತೋ. ನೀಲಿ ಪಾತ್ರೆಯನ್ನು ಅಡುಗೆಮನೆಗೆ ತಂದು, ಸತ್ತ ಗಿಡದ ಬುಡ ಹಿಡಿದು ಎತ್ತಿದಳು, ಪ್ರತಿಭಟನೆಯಿಲ್ಲದೆ ಬಂತು. ಬೇರೆಂಬುದು ಇರಲಿಲ್ಲ, ಕಂದು ಲೋಳೆ ಇತ್ತು, ಕೆರೆಯ ತಳದ ವಾಸನೆ. ಗಿಡವನ್ನೂ ಕೊಳೆತ ಮಣ್ಣನ್ನೂ ಚೀಲಕ್ಕೆ ತುಂಬಿ ಸಿಂಕಿನ ಕೆಳಗೆ ತಳ್ಳಿದಳು. ಮೊಸರಿನ ಡಬ್ಬಿಯನ್ನು ಕತ್ತರಿಯಿಂದ ಸೀಳಿ ತನ್ನ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ನೀಲಿ ಪಾತ್ರೆಗೆ ಇಳಿಸಿದಳು, ಸುತ್ತ ಒಣಮಣ್ಣು ಒತ್ತಿದಳು. ದೊಡ್ಡಕೋಣೆಯ ಕಿಟಕಿಗೆ ತಂದಿಟ್ಟು, ಬಾಗಿಲ ಬಳಿ ಹೋಗಿ, ಅತಿಥಿಯ ಕಣ್ಣಿನಿಂದ ನೋಡಿದಳು. ಗಿಡದ ಬೆನ್ನು ಕಾಣುತ್ತಿತ್ತು, ಬರೀ ಕಾಂಡ, ಎಲೆಯ ಅಡಿಭಾಗ. ಹಿಂದಕ್ಕೆ ಹೋಗಿ ಪಾತ್ರೆಯನ್ನು ತಿರುಗಿಸಿದಳು. ಈಗ ಎಲೆಗಳೂ ಎರಡು ಗೊಂಚಲುಗಳೂ ಬಾಗಿಲ ಕಡೆ ಮುಖ ಮಾಡಿದವು. ಚೆನ್ನಾಗಿ ಕಂಡಿತು. ಕೈ ತೊಳೆದು ಮೂಸಿದಳು, ಜೆರೇನಿಯಂನ ಘಾಟು ಹೋಗಿರಲಿಲ್ಲ. ಎಣ್ಣೆಯ ವಾಸನೆ ಅದನ್ನು ಮುಚ್ಚಲಿ ಎಂದು ಒಲೆ ಮತ್ತೆ ಹಚ್ಚಿದಳು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಬಾತ್ಮಾ ಎಜೆ ಎತ್ತರದ ಹೆಂಗಸು, ಬಿಳಿ ತಲೆವಸ್ತ್ರ, ಗಾಳಿ ಹೊಡೆದು ಕೆಂಪಾದ ಕೆನ್ನೆ. ಕೈಯಲ್ಲಿ ಒಂದು ಸಣ್ಣ ಚೀಲ ಬಿಟ್ಟರೆ ಏನೂ ತಂದಿರಲಿಲ್ಲ. ಬೆಣ್ಣೆ ಇಲ್ಲ, ಕೆನೆ ಇಲ್ಲ, ಒಂದು ರೊಟ್ಟಿಯೂ ಇಲ್ಲ. ಬರಿಗೈಯಲ್ಲಿ ಬಂದಿದ್ದಾರೆ ಎಂಬುದನ್ನೇ ಜಿಪಾರ್ ಮೊದಲು ಗಮನಿಸಿದ್ದು. ಬಾತ್ಮಾ ಸೋಫಾದ ಕಡೆ ನೋಡಿ ಅಂಗೈಗಳನ್ನು ಎತ್ತಿ ತಂಗಿಗಾಗಿ ತುಟಿಯಲ್ಲೇ ಪ್ರಾರ್ಥನೆ ಓದಿಕೊಂಡರು, ಮುಖದ ಮೇಲಿಂದ ಕೈ ಇಳಿಸಿದರು. ಹೊದಿಕೆ ಹಾಸಿದ ನೆಲದ ಮೇಲೆ, ತಿಂಡಿ ಇಡಲು ಹರಡಿದ್ದ ಮೇಜುಬಟ್ಟೆಯ ಮುಂದೆ ಕುಳಿತರು. ಬೌರ್ಸೊಕ್ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ವಾಸನೆ ಕೆಳಗಿನ ಮೆಟ್ಟಿಲಿಗೇ ಬರ್ತಿತ್ತು" ಎಂದರು. ಹೊಗಳಿಕೆಯೋ ಅಲ್ಲವೋ. ಜಿಪಾರ್ ಟೀ ಬಸಿದಳು. ಕೆಟಲ್ ಹಿಡಿದ ಕೈ ತನ್ನದಲ್ಲ ಅನ್ನಿಸುತ್ತಿತ್ತು. ಪಿಯಾಲ ತುಂಬಿ ಅಂಚಿನಲ್ಲಿ ನಿಂತಾಗಲೇ ಅವಳಿಗೆ ಎಚ್ಚರವಾದದ್ದು. ಹಾಗೇ ಚಾಚಿದ್ದಳು, ಹಿಂದಕ್ಕೆ ಎಳೆದುಕೊಳ್ಳುವಂತಿರಲಿಲ್ಲ.

ಬಾತ್ಮಾ ಪಿಯಾಲವನ್ನು ನೋಡಿದರು. "ತುಂಬಿಸಿಯೇ ಕೊಟ್ಟೆಯಲ್ಲ. ಕುಡಿದು ಬೇಗ ಹೊರಡು ಅಂತಲಾ?"

"ಅಯ್ಯೋ ಎಜೆ, ಇಲ್ಲ. ಕೈ ತಪ್ಪಿತು."

"ಇರಲಿ. ಹೊಲಿಗೆಯವರ ಕೈ ತಪ್ಪಲ್ಲ ಅಂದ್ಕೊಂಡಿದ್ದೆ." ಪಿಯಾಲವನ್ನು ತುಟಿಗೆ ತಾಗಿಸದೆ ಮೇಜುಬಟ್ಟೆಯ ಮೇಲಿಟ್ಟರು.

ಅರ್ಧ ಬಸಿದು ಕೊಡುವುದು ಐದು ವರ್ಷದ ಹುಡುಗಿಗೂ ಗೊತ್ತು. ಅರ್ಧ ಕೊಟ್ಟರೆ ಮತ್ತೆ ಮತ್ತೆ ಬಸಿಯಬಹುದು, ಅತಿಥಿ ಕೂತಿರಬಹುದು. ಜಿಪಾರಳ ಕಿವಿ ಉರಿಯಿತು. ಕುಡಿಯುವುದಿಲ್ಲ ಇವರು, ಕುಡಿಯದೆಯೇ ಹೋಗುತ್ತಾರೆ ಎಂದುಕೊಂಡಳು. ಬಾತ್ಮಾ ಮೊಣಕಾಲಿಗೆ ಕೈಯೂರಿ ಎದ್ದು ಕಿಟಕಿಯ ಹತ್ತಿರ ಹೋದರು. ಎಲೆಯೊಂದನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಹೂವಿನ ಕೆಂಪು ಗಂಟಲನ್ನು ನೋಡಿದರು. ಪಾತ್ರೆಯ ಸಿಡಿದ ಅಂಚನ್ನು ಸವರಿದರು. ಜಿಪಾರಳಿಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು.

"ಗಿಡ ಯಾಕೆ ಬೆಳಕಿಗೆ ಬೆನ್ನು ಹಾಕಿದೆ?" ಎಂದರು.

ಜಿಪಾರ್ ಮೇಜುಬಟ್ಟೆಯ ಅಂಚು ಸರಿಮಾಡಿದಳು.

"ಕಿಟಕೀಲಿ ಬೆಳೆದ ಗಿಡ ಕಿಟಕಿ ನೋಡುತ್ತೆ. ಇದು ನನ್ನ ನೋಡ್ತಿದೆ. ಇವತ್ತು ತಂದಿಟ್ಟೆಯಾ?"

ಸುಳ್ಳು ಸಿದ್ಧವಾಗಿತ್ತು, ಒರೆಸುವಾಗ ತಿರುಗಿಸಿದೆ ಎಂದರಾಗುತ್ತಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ. "ಅವರದ್ದು ಸತ್ತೋಯ್ತು, ಎಜೆ. ನಾನೇ ಸಾಯಿಸ್ದೆ. ನೀರು ಹಾಕಿ ಹಾಕಿ."

"ಎಲ್ಲಿದೆ?"

ಸಿಂಕಿನ ಕೆಳಗಿನ ಚೀಲ ತಂದು ಬಿಚ್ಚಿದಳು. ಬಾತ್ಮಾ ಬಗ್ಗಿ ಕೊಂಬೆಗಳನ್ನು ಒಂದೊಂದಾಗಿ ಉಗುರಿನಿಂದ ಗೀರಿ ನೋಡಿದರು, ಎಲ್ಲಾದರೂ ಹಸಿರು ಇದೆಯೇ ಎಂದು. ಇರಲಿಲ್ಲ. "ಮುಳುಗಿಸಿಬಿಟ್ಟಿದ್ದೀಯ" ಎಂದರು, ಸಿಟ್ಟಿಲ್ಲದೆ, ಸೂಪಿಗೆ ಉಪ್ಪು ಹೆಚ್ಚಾಯಿತು ಅನ್ನುವ ದನಿಯಲ್ಲಿ. ಆಮೇಲೆ ನೀಲಿ ಪಾತ್ರೆಯ ಕಡೆ ಗದ್ದ ತೋರಿಸಿದರು. "ಹಂಗಾದ್ರೆ ಇದು ನೀನು ಕದ್ದಿದ್ದು."

ಕಿಟಕಿಯ ಕಾಗದದ ಪಟ್ಟಿ ಗಾಳಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಜಿಪಾರ್ ಚೀಲದ ಬಾಯಿ ಹಿಡಿದೇ ನಿಂತಿದ್ದಳು. ಅವಳಿಗೆ ಓಡಿಹೋಗಬೇಕು ಅನ್ನಿಸಿತು, ಬೂಟು ಹಾಕಿಕೊಳ್ಳದೆಯೇ.

"ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ತಾರೆ? ಅವಳೇ. ಆವತ್ತು ಸಾಯಂಕಾಲ ಫೋನ್ ಮಾಡಿದ್ಲು. ‘ಕಾರ್ಖಾನೆ ಹುಡುಗಿ ಬಂದಿದ್ಲು ಎಜೆ, ಮಾತಾಡದ ಹುಡುಗಿ, ಅಮ್ಮನ ಗಿಡಾನ ಕಣ್ಣಲ್ಲೇ ತಿಂತಿದ್ಲು, ಕೇಳೋಕೆ ಆಗ್ತಿಲ್ಲ, ಬಿಟ್ಟೂ ಹೋಗ್ತಿಲ್ಲ. ಏಳ್ತಾಳೆ, ಕೂರ್ತಾಳೆ. ಕೊಟ್ರೆ ಬೇರು ಬಿಡಲ್ಲ ಅಂತ ನಾನೇ ಗೋಡೆ ಕಡೆ ತಿರುಗ್ದೆ. ಎಷ್ಟು ಹೊತ್ತು ಮಾಡಿದ್ಲು ಅಂದ್ರೆ ಕತ್ತು ನೋಯೋಕೆ ಶುರುವಾಯ್ತು, ತಗೊಳ್ಳೇ ಮಾರಾಯ್ತಿ ಅಂತ ಕೂಗಬೇಕು ಅನ್ನಿಸ್ತು’ ಅಂದ್ಲು." ಬಾತ್ಮಾರ ಮುಖದಲ್ಲಿ ನಗು ಬಂದು ಅಲ್ಲೇ ನಿಂತಿತು. "ಅದನ್ನ ಹೇಳಿ ನಕ್ಕಳು. ಆಮೇಲೆ ಅತ್ತಳು."

"ಯಾಕೆ ಅತ್ರು?"

"ನನಗೆ ಹೇಳಲಿಲ್ಲ. ನೀನು ಅವಳ ಮನೇಲಿ ಇದ್ದೀಯ, ನಿನಗೆ ಗೊತ್ತಿರಬೇಕು."

ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೇ ಹೊಸ ಭಯವಾಗಿ ಅವಳೊಳಗೆ ಇಳಿಯಿತು, ಹಳೆಯದು ಜಾಗ ಖಾಲಿ ಮಾಡದೆಯೇ. ಇಷ್ಟು ದಿನ ಕಳ್ಳಿಯಾಗಿದ್ದಾಗ ಕನಿಷ್ಠ ತಾನು ಏನು ಮಾಡಿದ್ದೇನೆಂದು ಗೊತ್ತಿತ್ತು. ಈಗ ಕೊಟ್ಟವಳೂ ಒಬ್ಬಳಿದ್ದಾಳೆ. ಏನನ್ನು ಕೊಟ್ಟಳು? ಒಂದು ಕುಡಿಯನ್ನಷ್ಟೇ ಅಲ್ಲವೇ? ಗೋಡೆಯ ಕಡೆ ಹೊರಳಿದ ಆ ಬೆನ್ನಿಗೆ ಇನ್ನೂ ಏನೇನು ತಿಳಿದಿತ್ತು? ಕೇಳೋಣವೆಂದರೆ ಬಾತ್ಮಾ ಆಗಲೇ ಮೇಜುಬಟ್ಟೆಯ ಬಳಿಗೆ ಬಂದು ತುಂಬಿದ ಪಿಯಾಲ ಎತ್ತಿಕೊಂಡಿದ್ದರು. ಚೆಲ್ಲದಂತೆ ನಡೆದು ಹೋಗಿ, ಅರ್ಧ ಟೀಯನ್ನು ನೀಲಿ ಪಾತ್ರೆಯ ಒಣಮಣ್ಣಿಗೆ ಸುರಿದರು, ಉಳಿದರ್ಧವನ್ನು ನಿಂತಲ್ಲೇ ಕುಡಿದರು. "ಇನ್ನು ಇದಕ್ಕೆ ನೀರು ಹಾಕಿದ್ದು ನನ್ನ ಕಿವಿಗೆ ಬಿದ್ರೆ ನೋಡು" ಎಂದರು. ಚೀಲದಿಂದ ಒದ್ದೆ ಬಟ್ಟೆಯ ತುಂಡೊಂದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಬಿಡಿಸಿಟ್ಟರು. ಅವರು ಬರಿಗೈಯಲ್ಲಿ ಬಂದದ್ದು ಯಾಕೆಂದು ಆಗ ಜಿಪಾರಳಿಗೆ ಹೊಳೆಯಿತು; ಕದಿಯಲು ಬಂದವರು ಉಡುಗೊರೆ ಹಿಡಿದು ಬರುವುದಿಲ್ಲ.

"ಎಜೆ, ನಿಮಗೆ ಯಾವುದು ಬೇಕೋ—"

"ಬಾಯಿ ಮುಚ್ಚು ಹುಡುಗಿ. ಕೊಡೋಕೆ ಬರಬೇಡ. ಇದೊಂದೇ ಉಳಿದಿರೋದು, ಇದೂ ಬಾಡಿದ್ರೆ ನಮ್ಮಮ್ಮಂದು ಅಂತ ಏನೂ ಇರಲ್ಲ. ಹೋಗು, ಮಲಕ್ಕೋ. ಆ ಕಡೆ ತಿರುಕ್ಕೋ."

ಈ ಮನೆಗೆ ಬಂದಂದಿನಿಂದ ಅವಳು ಆ ಸೋಫಾದ ಮೇಲೆ ಕೂತಿರಲಿಲ್ಲ. ಧೂಳು ಹೊಡೆಯುತ್ತಿದ್ದಳು, ಸುತ್ತಿಕೊಂಡು ಹೋಗುತ್ತಿದ್ದಳು. ಈಗ ಒಂದು ಬದಿಗೆ ಒರಗಿ, ಕಾಲು ಮೇಲೆಳೆದುಕೊಂಡು, ಜಮಖಾನೆಯ ಕಡೆ ಹೊರಳಿದಳು. ಜಿಂಕೆಯ ಕಣ್ಣು ಅವಳ ಕಣ್ಣಿನ ಎದುರಿಗೇ ಇತ್ತು. ಅದರ ಸುತ್ತಲಿನ ಕೆಂಪು ನೂಲು ಸವೆದು ಹಿಂದಿನ ಹೆಣಿಗೆ ಕಾಣುತ್ತಿತ್ತು. ಯಾರದೋ ಹಣೆ ತಾಗಿ ತಾಗಿ ಸವೆದದ್ದು. ಅವಳ ಹಣೆಯೂ ಸರಿಯಾಗಿ ಅಲ್ಲಿಗೇ ಬಂತು. ಬೆನ್ನು ತೆರೆದು ಬಿದ್ದಂತಾಗಿ ಮೈ ಜುಮ್ಮೆಂದಿತು. ಅಡುಗೆಮನೆಯಿಂದ ಎಣ್ಣೆಯ ವಾಸನೆ ಇನ್ನೂ ಬರುತ್ತಿತ್ತು. ಹಿಂದೆ ಹೆಜ್ಜೆಯ ಸದ್ದಾಯಿತು, ನಿಂತಿತು. ಬಾತ್ಮಾ ಎಜೆಯದೇ ಎಂದು ಹೇಳಿಕೊಂಡಳು. ಬಟ್ಟೆ ಸರಿದದ್ದು ಕೇಳಿಸಿತು. ಮತ್ತೆ ಏನೂ ಇಲ್ಲ. ಯಾಕೆ ಇಷ್ಟು ಹೊತ್ತು? ಯಾವ ಕುಡಿ ಎಂದು ನೋಡುತ್ತಿದ್ದಾರೆಯೇ, ಅಳುತ್ತಿದ್ದಾರೆಯೇ, ಮುರಿಯದೆಯೇ ಹೋಗಿಬಿಡುತ್ತಾರೆಯೇ? ಕತ್ತು ನೋಯತೊಡಗಿತು. ತಗೊಳ್ಳಿ, ತಗೊಳ್ಳಿ ಎಂದು ಒಳಗೇ ಬೇಡಿಕೊಂಡಳು, ಉಸಿರು ಹಿಡಿದು, ನಿದ್ದೆ ಬಂದವಳ ಹಾಗೆ ಅಲುಗದೆ.

ಪಟ್ ಎಂದಿತು.

ರಹ್ಮತ್ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಜಿಪಾರ್ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಬಾಗಿಲು ಎಳೆದುಕೊಂಡ ಸದ್ದು ಕೇಳಿದ ಮೇಲೂ ಅವಳು ಈ ಕಡೆ ತಿರುಗಲಿಲ್ಲ.